23 ಪ್ಲಗಿನ್ ಹಾಕಿದ ಮೇಲೂ ಸ್ಕ್ರಿಪ್ಟ್ ಓಡಲಿಲ್ಲ

ಪ್ರಶ್ನೆ: ಸರ್, ನಾನು ಹಾಸನ ಜಿಲ್ಲೆಯ ಹಳ್ಳಿಯೊಂದರ ಹಾಲಿನ ಡೇರಿಯಲ್ಲಿ ಲೆಕ್ಕ ಬರೆಯುತ್ತೇನೆ. ವಿಡಿಯೋ ನೋಡಿ ಪೈಥಾನ್ ಅಷ್ಟಿಷ್ಟು ಕಲಿತು, ತಿಂಗಳ ಪಟ್ಟಿಗಳನ್ನು ಒಟ್ಟುಮಾಡುವ ಸ್ಕ್ರಿಪ್ಟ್‌ಗಳನ್ನು ಬರೆದುಕೊಂಡಿದ್ದೇನೆ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಎಂಬ ಎಡಿಟರ್‌ನಲ್ಲೇ ಬರೆಯುತ್ತಿದ್ದೆ. ಬೆಂಗಳೂರಿನ ಗೆಳೆಯ ‘ಇನ್ನೂ ಅದರಲ್ಲೇ ಇದ್ದೀಯಾ? ವಿಎಸ್ ಕೋಡ್ ಹಾಕ್ಕೋ’ ಅಂದ. ಹಾಕಿದೆ, ಎಡಿಟರ್‌ಗೆ ಹೆಚ್ಚುವರಿ ಸೌಲಭ್ಯ ಕೊಡುವ 23 ಪ್ಲಗಿನ್ ಸೇರಿಸಿದೆ. 4 ಜಿಬಿ ರ್‍ಯಾಮ್‌ನ ಲ್ಯಾಪ್‌ಟಾಪ್ ಈಗ ತೆವಳುತ್ತಿದೆ. ಬ್ಯಾಕಪ್ ತೆಗೆಯುವ ಶೆಲ್ ಸ್ಕ್ರಿಪ್ಟನ್ನು ಲಿನಕ್ಸ್ ಸರ್ವರ್‌ಗೆ ಹಾಕಿದರೆ ‘ಬ್ಯಾಡ್ ಇಂಟರ್‌ಪ್ರಿಟರ್’ ಅನ್ನುತ್ತದೆ. ಕನ್ನಡ ಹೆಸರುಗಳು ಒಮ್ಮೊಮ್ಮೆ ವಿಚಿತ್ರ ಅಕ್ಷರಗಳಾಗುತ್ತವೆ. ಕಣ್ಣಿಗೆ ಒಂದೇ ಥರ ಕಾಣುವ ಎರಡು ಹೆಸರುಗಳನ್ನು ಸ್ಕ್ರಿಪ್ಟ್ ಬೇರೆ ಬೇರೆ ಎನ್ನುತ್ತದೆ. ಯಾವ ಎಡಿಟರ್, ಯಾವ ಪ್ಲಗಿನ್ ಹಾಕಿದರೆ ಇದೆಲ್ಲ ಸರಿಹೋಗುತ್ತದೆ?

ಉತ್ತರ: ನೀವು ಹೇಳಿದ ನಾಲ್ಕು ತೊಂದರೆಗಳಲ್ಲಿ ಮೂರಕ್ಕೆ ಪ್ಲಗಿನ್ ಬೇಕಿಲ್ಲ. ಉಳಿದ ಒಂದು ಪ್ಲಗಿನ್‌ಗಳಿಂದಲೇ ಬಂದದ್ದು. ಹಾಗಾಗಿ ಯಾವ ಎಡಿಟರ್ ಅನ್ನುವುದನ್ನು ಸ್ವಲ್ಪ ಹೊತ್ತು ಬದಿಗಿಡಿ. ಮೊದಲು ಕಣ್ಣಿಗೆ ಕಾಣದ ಅಕ್ಷರಗಳ ಕಥೆ ನೋಡೋಣ.

‘ಬ್ಯಾಡ್ ಇಂಟರ್‌ಪ್ರಿಟರ್’ ಏಕೆ ಬರುತ್ತದೆ? ಸಾಲು ಮುಗಿಯಿತು ಎಂದು ಹೇಳಲು ವಿಂಡೋಸ್ ಎರಡು ಗುರುತು ಹಾಕುತ್ತದೆ. ಒಂದು ಸಿಆರ್, ಇನ್ನೊಂದು ಎಲ್‌ಎಫ್. ಟೈಪ್‌ರೈಟರ್ ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಸಿಆರ್ ಎಂದರೆ ಗಾಡಿಯನ್ನು ಸಾಲಿನ ಮೊದಲಿಗೆ ತಳ್ಳುವುದು, ಎಲ್‌ಎಫ್ ಎಂದರೆ ಕಾಗದವನ್ನು ಒಂದು ಸಾಲು ಮೇಲೆತ್ತುವುದು. ಲಿನಕ್ಸ್‌ಗೆ ಎಲ್‌ಎಫ್ ಒಂದೇ ಸಾಕು. ನಿಮ್ಮ ಶೆಲ್ ಸ್ಕ್ರಿಪ್ಟ್‌ನ ಮೊದಲ ಸಾಲು ‘ಇದನ್ನು ಬ್ಯಾಷ್ ಓಡಿಸಲಿ’ ಎಂದು ಹೇಳುತ್ತದೆ (ಬ್ಯಾಷ್ ಎಂದರೆ ಆಜ್ಞೆಗಳನ್ನು ಓದಿ ನಡೆಸುವ ಶೆಲ್ ಪ್ರೋಗ್ರಾಮ್). ಆದರೆ ಸಾಲಿನ ಕೊನೆಯಲ್ಲಿ ಉಳಿದುಕೊಂಡ ಸಿಆರ್ ಅನ್ನೂ ಲಿನಕ್ಸ್ ಹೆಸರಿಗೆ ಸೇರಿಸಿ ಓದುತ್ತದೆ. ‘ಬ್ಯಾಷ್-ಸಿಆರ್’ ಎಂಬ ಪ್ರೋಗ್ರಾಮ್ ಎಲ್ಲಿದೆ ಎಂದು ಹುಡುಕುತ್ತದೆ. ಅಂಥದ್ದು ಇಲ್ಲವಲ್ಲ, ಅದಕ್ಕೇ ಗೊಣಗುತ್ತದೆ.

ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಆ ಫೈಲ್ ತೆರೆದು ಕೆಳಗಿನ ಪಟ್ಟಿಯ ಬಲಗಡೆ ನೋಡಿ. ‘ವಿಂಡೋಸ್ ಸಿಆರ್ ಎಲ್‌ಎಫ್’ ಎಂದಿರುತ್ತದೆ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ ‘ಯುನಿಕ್ಸ್ ಎಲ್‌ಎಫ್’ ಆರಿಸಿ, ಸೇವ್ ಮಾಡಿ. ಅಷ್ಟೇ. ವಿಎಸ್ ಕೋಡ್‌ನಲ್ಲೂ ಅದೇ ಜಾಗದಲ್ಲಿ ‘ಸಿಆರ್‌ಎಲ್‌ಎಫ್’ ಎಂದು ಕಾಣುತ್ತದೆ, ಒತ್ತಿದರೆ ಬದಲಾಯಿಸಬಹುದು. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನ ಪ್ರಿಫರೆನ್ಸಸ್‌ನಲ್ಲಿ ‘ನ್ಯೂ ಡಾಕ್ಯುಮೆಂಟ್’ ಎಂಬ ಭಾಗವಿದೆ. ಅಲ್ಲಿ ಯುನಿಕ್ಸ್ ಮತ್ತು ಯುಟಿಎಫ್-8 (ಕನ್ನಡಕ್ಕೂ ಒಗ್ಗುವ ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ರೀತಿ) ಆರಿಸಿಟ್ಟರೆ ಹೊಸ ಫೈಲ್‌ಗಳಲ್ಲಿ ಈ ತಲೆನೋವು ಬರುವುದಿಲ್ಲ. ಪೈಥಾನ್ ಎರಡೂ ಬಗೆಯ ಸಾಲುಗಳನ್ನು ಒಪ್ಪಿಕೊಳ್ಳುವುದರಿಂದ ನಿಮ್ಮ ಪೈಥಾನ್ ಫೈಲ್‌ಗಳಿಗೆ ಇದರಿಂದ ತೊಂದರೆಯೂ ಇಲ್ಲ.

ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನ ವ್ಯೂ ಮೆನುವಿನ ‘ಶೋ ಸಿಂಬಲ್’ ಒಳಗೆ ‘ಶೋ ಆಲ್ ಕ್ಯಾರೆಕ್ಟರ್ಸ್’ ಇದೆ. ಅದನ್ನು ಒಮ್ಮೆ ಒತ್ತಿ ನೋಡಿ. ಸ್ಪೇಸ್ ಚುಕ್ಕಿಯಾಗಿ, ಟ್ಯಾಬ್ ಬಾಣವಾಗಿ, ಸಾಲಿನ ಕೊನೆ ಕಪ್ಪು ಚೀಟಿಯಾಗಿ ಕಾಣುತ್ತದೆ. ಪೈಥಾನ್ 3 ಟ್ಯಾಬ್ ಮತ್ತು ಸ್ಪೇಸ್ ಬೆರೆತರೆ ಸ್ಕ್ರಿಪ್ಟನ್ನೇ ತಿರಸ್ಕರಿಸಬಹುದು. ಬೇರೆಯವರ ಕೋಡನ್ನು ನಕಲು ಮಾಡಿ ಅಂಟಿಸಿದಾಗ ಇದು ಜಾಸ್ತಿ. ಬಾಣ ಎಲ್ಲಿದೆ, ಚುಕ್ಕಿ ಎಲ್ಲಿದೆ ಎಂದು ನೋಡಿದರೆ ತಪ್ಪು ತಕ್ಷಣ ಸಿಗುತ್ತದೆ. ಇದಕ್ಕೆಂದೇ ಪ್ಲಗಿನ್ ಹುಡುಕಿ ಹಾಕಿಕೊಂಡವರನ್ನು ಕಂಡಿದ್ದೇನೆ. ಹಿತ್ತಲ ಗಿಡ ಮದ್ದಲ್ಲ, ಅಲ್ವಾ? ಎಡಿಟರ್ ಜೊತೆಗೇ ಬಂದದ್ದನ್ನು ಯಾರೂ ತೆರೆದು ನೋಡುವುದಿಲ್ಲ.

ಈಗ ವಿಚಿತ್ರ ಅಕ್ಷರಗಳು. ನಮ್ಮ ಕಡೆ ಇದು ಎರಡು ಬಗೆ. ಎರಡಕ್ಕೂ ಬೇರೆ ಬೇರೆ ಮದ್ದು. ಮೊದಲು ಯಾವುದು ಎಂದು ಗುರುತಿಸಬೇಕು. ಸಣ್ಣ ಇಂಗ್ಲಿಷ್ ಎ ಅಕ್ಷರದ ತಲೆಯ ಮೇಲೆ ಗೀಟು, ಅದರ ಪಕ್ಕದಲ್ಲಿ ಮೇಲಕ್ಕೇರಿಸಿದ ಪುಟ್ಟ 2 ಅಥವಾ 3, ಇವು ಸಾಲುಸಾಲಾಗಿ ಕಂಡರೆ ನಿಮ್ಮ ಕನ್ನಡ ಹಾಳಾಗಿಲ್ಲ. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಅಕ್ಷರಚಿಹ್ನೆಗೆ 3 ಬೈಟ್ ಬೇಕು. ಅದನ್ನು ಹಳೆಯ ವಿಂಡೋಸ್ ಎನ್‌ಕೋಡಿಂಗ್ ಎಂದು ತಪ್ಪು ತಿಳಿದು ಓದಿದಾಗ ಒಂದೊಂದು ಬೈಟೂ ಒಂದೊಂದು ಅಕ್ಷರವಾಗಿ ಕಾಣುತ್ತದೆ. ಓದುವ ರೀತಿ ಸರಿಮಾಡಿದರೆ ಕನ್ನಡ ಹಾಗೇ ಮರಳುತ್ತದೆ.

ಇನ್ನೊಂದು ಬಗೆಯಲ್ಲಿ ತಲೆ ಮೇಲೆ ಗೀಟು ಇರುವ ಎ ದೊಡ್ಡ ಅಕ್ಷರದ್ದು. ನಡುನಡುವೆ ಪಿ, ಕ್ಯೂ, ಆರ್‌ನಂಥ ಇಂಗ್ಲಿಷ್ ಅಕ್ಷರಗಳು, ಪೌಂಡ್ ಚಿಹ್ನೆ ಎಲ್ಲ ಬರುತ್ತವೆ. ಇದು ನುಡಿ ಅಥವಾ ಬರಹದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಪಠ್ಯ. ಒಳಗೆ ಇರುವುದೇ ಇಂಗ್ಲಿಷ್ ಅಕ್ಷರಗಳು, ಫಾಂಟ್ ಅವುಗಳಿಗೆ ಕನ್ನಡದ ವೇಷ ಹಾಕುತ್ತಿತ್ತು. ಎನ್‌ಕೋಡಿಂಗ್ ಮೆನುವಿನಲ್ಲಿ ಏನು ಒತ್ತಿದರೂ ಇದು ಸರಿಯಾಗದು. ಆಸ್ಕಿಯಿಂದ (ಈ ಹಳೆಯ ಫಾಂಟ್ ಪಠ್ಯವನ್ನು ಹಾಗೆನ್ನುತ್ತಾರೆ) ಯುನಿಕೋಡ್‌ಗೆ ಬದಲಿಸುವ ಪರಿವರ್ತಕವೇ ಬೇಕು. ಹಳೆಯ ಪಟ್ಟಿಗಳಿರುವ ಕಚೇರಿಗಳಲ್ಲಿ ಎರಡೂ ಬಗೆ ಒಂದೇ ಫೋಲ್ಡರಿನಲ್ಲಿ ಸಿಗುವುದುಂಟು. ಎಲ್ಲದಕ್ಕೂ ಒಂದೇ ಮದ್ದು ಹಾಕಿದರೆ ಇರುವುದೂ ಕೆಡುತ್ತದೆ.

ನಿಮ್ಮದು ಮೊದಲ ಬಗೆಯಾದರೆ ಕಾರಣ ಬಹುಶಃ ಸ್ಕ್ರಿಪ್ಟಿನಲ್ಲಿದೆ. ವಿಂಡೋಸ್‌ನಲ್ಲಿ ಈಗ ಹೆಚ್ಚಿನವರು ಬಳಸುತ್ತಿರುವ ಪೈಥಾನ್‌ಗಳು, ಫೈಲ್ ತೆರೆಯುವಾಗ ನೀವು ಎನ್‌ಕೋಡಿಂಗ್ ಹೇಳದಿದ್ದರೆ, ಆ ಹಳೆಯ ವಿಂಡೋಸ್ ಎನ್‌ಕೋಡಿಂಗನ್ನೇ ಹಿಡಿಯುತ್ತವೆ. ಓಪನ್ ಎಂದು ಬರೆದ ಕಡೆಯೆಲ್ಲ ಯುಟಿಎಫ್-8 ಎಂದು ಸ್ಪಷ್ಟವಾಗಿ ಹೇಳಿ. ಎಕ್ಸೆಲ್‌ನಲ್ಲಿ ತೆರೆಯಬೇಕಾದ ಸಿಎಸ್‌ವಿ ಬರೆಯುವಾಗ ಮಾತ್ರ ‘ಯುಟಿಎಫ್-8-ಸಿಗ್’ ಎನ್ನಿ. ಅದು ಫೈಲಿನ ಮೊದಲಿಗೆ ಬಾಮ್ ಎಂಬ 3 ಬೈಟ್‌ಗಳ ಗುರುತು ಇಡುತ್ತದೆ. ಅದನ್ನು ನೋಡಿ ಎಕ್ಸೆಲ್ ‘ಓ, ಇದು ಯುನಿಕೋಡ್’ ಎಂದು ತಿಳಿಯುತ್ತದೆ.

ಈ ಬಾಮ್ ಅತ್ತೆ-ಸೊಸೆ ಇಬ್ಬರನ್ನೂ ಒಲಿಸಲಾಗದ ಗಂಡಸಿನ ಹಾಗೆ. ಎಕ್ಸೆಲ್‌ಗೆ ಬೇಕು. ವಿಂಡೋಸ್ ಜೊತೆಗೇ ಬರುವ ಪವರ್‌ಶೆಲ್ 5.1ಕ್ಕೂ ಬೇಕು, ಇಲ್ಲದಿದ್ದರೆ ಸ್ಕ್ರಿಪ್ಟಿನೊಳಗಿನ ಕನ್ನಡವನ್ನು ತಪ್ಪಾಗಿ ಓದುತ್ತದೆ. ಲಿನಕ್ಸಿನ ಶೆಲ್ ಸ್ಕ್ರಿಪ್ಟಿಗೆ ಮಾತ್ರ ಬೇಡವೇ ಬೇಡ. ಮೊದಲ ಸಾಲಿನ ಮುಂದೆ ಆ 3 ಬೈಟ್ ಕುಳಿತರೆ ಲಿನಕ್ಸ್‌ಗೆ ಅದು ಸ್ಕ್ರಿಪ್ಟಿನ ಮೊದಲ ಸಾಲು ಎಂದೇ ಗೊತ್ತಾಗುವುದಿಲ್ಲ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನ ಎನ್‌ಕೋಡಿಂಗ್ ಮೆನುವಿನಲ್ಲಿ ‘ಯುಟಿಎಫ್-8’ ಮತ್ತು ‘ಯುಟಿಎಫ್-8-ಬಾಮ್’ ಬೇರೆ ಬೇರೆ ಇರುವುದು ಇದಕ್ಕೇ. ಅದೇ ಮೆನುವಿನಲ್ಲಿ ಕೆಳಗೆ ‘ಕನ್ವರ್ಟ್ ಟು’ ಎಂದು ಶುರುವಾಗುವ ಸಾಲುಗಳಿವೆ. ಫೈಲನ್ನು ನಿಜವಾಗಿ ಬದಲಿಸಲು ಅವು. ಮೇಲಿನವು, ಫೈಲನ್ನು ಹೇಗೆ ಓದಬೇಕು ಎಂದು ಹೇಳಲು. ಇವೆರಡನ್ನು ಅದಲುಬದಲು ಮಾಡಿಯೇ ಬಹಳ ಜನ ಪಟ್ಟಿ ಕೆಡಿಸಿಕೊಳ್ಳುತ್ತಾರೆ.

ಒಂದೇ ಥರ ಕಾಣುವ ಎರಡು ಹೆಸರುಗಳ ವಿಷಯ ನಿಮ್ಮ ಪ್ರಶ್ನೆಯಲ್ಲೇ ನನಗೆ ಅತಿ ಇಷ್ಟವಾದ ಭಾಗ. ‘ಮಂಜುನಾಥ್’ ಎಂದು ಟೈಪ್ ಮಾಡಿದಾಗ ಕೆಲವು ಕೀಲಿಮಣೆಗಳು, ಕೆಲವು ಪರಿವರ್ತಕಗಳು ಕೊನೆಯ ಅರ್ಧಾಕ್ಷರ ಆದ ಮೇಲೆ ಅಗಲವೇ ಇಲ್ಲದ ಒಂದು ಅಕ್ಷರ ಸೇರಿಸಿಬಿಡುತ್ತವೆ. ಅದರ ಯುನಿಕೋಡ್ ಸಂಖ್ಯೆ 200ಸಿ. ‘ರಾಜ್‌ಕುಮಾರ್’ ಎಂಬಲ್ಲಿ ಜ ಮತ್ತು ಕ ಒತ್ತಕ್ಷರವಾಗದಂತೆ ತಡೆಯುವುದು ಅದೇ. ಪದದ ನಡುವೆ ಅದಕ್ಕೆ ಕೆಲಸವಿದೆ, ಕೊನೆಯಲ್ಲಿ ಇದ್ದರೆ ಕಾಣಿಸುವುದೂ ಇಲ್ಲ. ಹಾಗಾಗಿ ನಿಮ್ಮ ಪಟ್ಟಿಯಲ್ಲಿ ಒಬ್ಬ ಮಂಜುನಾಥ್‌ಗೆ ಈ ಬಾಲ ಇದೆ, ಇನ್ನೊಬ್ಬನಿಗೆ ಇಲ್ಲ. ಸ್ಕ್ರಿಪ್ಟಿಗೆ ಇಬ್ಬರೂ ಬೇರೆ.

ಎರಡನೆಯ ಕಳ್ಳ ಸ್ವರಚಿಹ್ನೆಯಲ್ಲಿದ್ದಾನೆ. ‘ಕೊ’ ಎಂಬುದರ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊಕಾರದ ಕೊಂಬು ಎಂದು ಎರಡಾಗಿಯೂ ಬರೆಯಬಹುದು. ಯುನಿಕೋಡ್ ಎರಡನ್ನೂ ಒಪ್ಪುತ್ತದೆ, ತೆರೆಯ ಮೇಲೆ ಎರಡೂ ಒಂದೇ. ದೀರ್ಘಗಳಲ್ಲೂ ಹೀಗೇ. ಇದಕ್ಕೆ ಪೈಥಾನ್‌ನಲ್ಲೇ ‘ಯುನಿಕೋಡ್‌ಡೇಟಾ’ ಎಂಬ ಮಾಡ್ಯೂಲ್ ಇದೆ. ಅದರ ನಾರ್ಮಲೈಸ್‌ಗೆ ಎನ್‌ಎಫ್‌ಸಿ ಎಂದು ಹೇಳಿದರೆ ಎಲ್ಲವೂ ಒಂದೇ ರೂಪಕ್ಕೆ ಬರುತ್ತವೆ. ಆಮೇಲೆ ಹೆಸರಿನ ಕೊನೆಯ 200ಸಿ ಮತ್ತು ಸ್ಪೇಸ್ ಕತ್ತರಿಸಿ. ನಡುವಿನ 200ಸಿ ಮುಟ್ಟಬೇಡಿ, ಮುಟ್ಟಿದರೆ ರಾಜ್‌ಕುಮಾರ್ ಹೋಗಿ ರಾಜ್ಕುಮಾರ್ ಆಗುತ್ತಾನೆ. ಎಡಿಟರ್‌ನಲ್ಲಿ ಇವು ಎಷ್ಟಿವೆ ಎಂದು ಎಣಿಸಬೇಕೆ? ಫೈಂಡ್ ಪೆಟ್ಟಿಗೆಯಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ (ಮಾದರಿ ಕೊಟ್ಟು ಹುಡುಕುವ ವಿಧಾನ) ಆರಿಸಿ, ಬ್ಯಾಕ್‌ಸ್ಲ್ಯಾಷ್, ಇಂಗ್ಲಿಷಿನ ಸಣ್ಣ ಎಕ್ಸ್, ಆಮೇಲೆ ಪುಷ್ಪಾವರಣದೊಳಗೆ 200ಸಿ ಎಂದು ಬರೆದು ‘ಕೌಂಟ್’ ಒತ್ತಿ. ಇಲ್ಲಿ ಸಿ ಕೂಡ ಇಂಗ್ಲಿಷ್ ಅಕ್ಷರವೇ ಇರಬೇಕು.

ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂದ ಮೇಲೆ ಇನ್ನೊಂದು ಹೇಳಿಬಿಡುತ್ತೇನೆ. ಪದ ಹುಡುಕಲು ಪೈಥಾನ್‌ನ ‘ಆರ್‌ಇ’ ಮಾಡ್ಯೂಲ್‌ನಲ್ಲಿ ಬ್ಯಾಕ್‌ಸ್ಲ್ಯಾಷ್ ಸಣ್ಣ ಡಬ್ಲ್ಯೂ (‘ಪದದ ಅಕ್ಷರ’ ಎಂಬ ಗುರುತು) ಬಳಸಿದರೆ ‘ಕನ್ನಡ’ ಎಂಬುದು ‘ಕನ’ ಮತ್ತು ‘ನಡ’ ಎಂದು ಎರಡು ತುಂಡಾಗುತ್ತದೆ. ಅರ್ಧಾಕ್ಷರದ ಗುರುತು, ಸ್ವರಚಿಹ್ನೆ ಯಾವುದೂ ಅದರ ಲೆಕ್ಕದಲ್ಲಿ ಅಕ್ಷರವಲ್ಲ. ಬೇರೆಯಾಗಿ ಸಿಗುವ ‘ರೆಜೆಕ್ಸ್’ ಮಾಡ್ಯೂಲ್ ಇದನ್ನು ಸರಿಯಾಗಿ ನೋಡಿಕೊಳ್ಳುತ್ತದೆ.

ಈಗ ಪ್ಲಗಿನ್‌ಗೆ ಬರೋಣ. ನನ್ನ ಅಳತೆ ಸರಳ. ಒಂದೇ ತೊಂದರೆ ಮೂರು ಸಲ ಕಾಡಿದರೆ ಮಾತ್ರ ಅದಕ್ಕೊಂದು ಪ್ಲಗಿನ್. ‘ಇರಲಿ, ಮುಂದೆ ಬೇಕಾದೀತು’ ಎಂದು ಹಾಕಿದ್ದು ಅಟ್ಟದ ಮೇಲಿನ ಪಾತ್ರೆಯಂತೆ ಅಲ್ಲ. ಅಟ್ಟದ ಪಾತ್ರೆ ಸುಮ್ನೆ ಕೂತಿರುತ್ತದೆ, ಪ್ಲಗಿನ್ ರ್‍ಯಾಮ್ ತಿನ್ನುತ್ತದೆ. ನಿಮ್ಮ 23ರಲ್ಲಿ ಥೀಮ್, ಐಕಾನ್, ಬಣ್ಣದ ಬ್ರಾಕೆಟ್ ಎಷ್ಟಿವೆ ಎಂದು ನೋಡಿ. 4 ಜಿಬಿಯ ಯಂತ್ರಕ್ಕೆ ಇವೆಲ್ಲ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ.

ನೋಟ್‌ಪ್ಯಾಡ್ ಪ್ಲಸ್ ಪ್ಲಸ್ 2003ರಿಂದ ಇದೆ. ಹಗುರ, ಹಳೆಯ ಯಂತ್ರದಲ್ಲೂ ಕಣ್ಣು ಮಿಟುಕಿಸುವುದರೊಳಗೆ ತೆರೆಯುತ್ತದೆ. ಅದರಲ್ಲಿ ನಿಮಗೆ ನಾನು ಹೇಳುವುದು ಎರಡೇ ಪ್ಲಗಿನ್. ಎರಡನ್ನೂ ಅದರ ‘ಪ್ಲಗಿನ್ಸ್ ಅಡ್ಮಿನ್’ ಮೂಲಕವೇ ಹಾಕಿ. ಒಂದು ಕಂಪೇರ್‌ಪ್ಲಸ್. ನಿನ್ನೆ ಓಡಿದ ಸ್ಕ್ರಿಪ್ಟ್, ಇವತ್ತು ಓಡದ ಸ್ಕ್ರಿಪ್ಟ್, ಎರಡನ್ನೂ ಅಕ್ಕಪಕ್ಕ ಇಟ್ಟು ಎಲ್ಲಿ ಬದಲಾಗಿದೆ ಎಂದು ತೋರಿಸುತ್ತದೆ. ಅದರ ಬಗ್ಗೆ ಇನ್ನೇನೂ ಹೇಳುವುದಿಲ್ಲ, ಬಳಸಿದರೆ ಗೊತ್ತಾಗುತ್ತದೆ.

ಇನ್ನೊಂದು ಎನ್‌ಪಿಪಿ ಎಕ್ಸೆಕ್. ಎಫ್6 ಒತ್ತಿದರೆ ಒಂದು ಪೆಟ್ಟಿಗೆ ಬರುತ್ತದೆ. ಅದರಲ್ಲಿ ನಾಲ್ಕು ಸಾಲು ಬರೆದಿಡಿ. ಮೊದಲನೆಯದು ಫೈಲ್ ಸೇವ್ ಮಾಡಲು, ಎರಡನೆಯದು ಆ ಫೈಲ್ ಇರುವ ಫೋಲ್ಡರಿಗೆ ಹೋಗಲು, ಮೂರನೆಯದು ‘ಪೈಥಾನ್‌ಯುಟಿಎಫ್8’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ 1 ಕೊಡಲು, ನಾಲ್ಕನೆಯದು ಪೈಥಾನ್ ಓಡಿಸಲು. ಎರಡನೆಯ ಸಾಲು ಬಿಟ್ಟರೆ ‘ಫೈಲ್ ಸಿಗಲಿಲ್ಲ’ ಎಂಬ ದೂರು ಬರಬಹುದು. ಮೂರನೆಯದು ಬಿಟ್ಟರೆ, ಮೊದಲ ಕನ್ನಡ ಹೆಸರು ಪ್ರಿಂಟ್ ಆಗುವಾಗಲೇ ಸ್ಕ್ರಿಪ್ಟ್ ಮುಗ್ಗರಿಸುತ್ತದೆ. ಇದೇ ಸ್ಕ್ರಿಪ್ಟ್ ಕಮಾಂಡ್ ಪ್ರಾಂಪ್ಟ್‌ನ ಕಪ್ಪು ಕಿಟಕಿಯಲ್ಲಿ ಓಡುತ್ತದೆ, ಎಡಿಟರ್‌ನೊಳಗೆ ಓಡುವುದಿಲ್ಲ ಎಂದು ಜನ ಪ್ಲಗಿನ್‌ಗೆ ಬೈಯುತ್ತಾರೆ. ತಪ್ಪು ಅದರದ್ದಲ್ಲ. ಔಟ್‌ಪುಟ್ ಬೇರೆ ಪ್ರೋಗ್ರಾಮ್‌ಗೆ ಹೋಗುವಾಗ ಪೈಥಾನ್ ಮತ್ತೆ ಹಳೆಯ ಎನ್‌ಕೋಡಿಂಗ್ ಹಿಡಿಯುತ್ತದೆ. ಎನ್‌ಪಿಪಿ ಎಕ್ಸೆಕ್‌ನ ಮೆನುವಿನಲ್ಲಿ ‘ಕನ್ಸೋಲ್ ಔಟ್‌ಪುಟ್’ ಅನ್ನೂ ಯುಟಿಎಫ್-8 ಮಾಡಿ. ಪೈಥಾನ್‌ಗೆ ಮೈನಸ್ ಯು ಸೇರಿಸಿದರೆ ಪ್ರಿಂಟ್ ಆದದ್ದು ಆಗಿಂದಾಗ ಕಾಣುತ್ತದೆ, ಕೊನೆಯವರೆಗೆ ಕಾಯಬೇಕಿಲ್ಲ.

‘ಪೈಥಾನ್ ಸ್ಕ್ರಿಪ್ಟ್’ ಎಂಬ ಹೆಸರಿನ ಪ್ಲಗಿನ್ ಕೂಡ ಪಟ್ಟಿಯಲ್ಲಿ ಕಾಣುತ್ತದೆ. ಹೆಸರು ನೋಡಿ ಮೋಸ ಹೋಗಬೇಡಿ. ಅದು ನಿಮ್ಮ ಸ್ಕ್ರಿಪ್ಟ್ ಓಡಿಸಲು ಅಲ್ಲ, ಎಡಿಟರನ್ನೇ ಪೈಥಾನ್‌ನಿಂದ ಆಡಿಸಲು. ಅದರೊಳಗೆ ಅದರದ್ದೇ ಬೇರೆ ಪೈಥಾನ್ ಇರುತ್ತದೆ.

ಎನ್‌ಪಿಪಿ ಎಕ್ಸೆಕ್ ನನಗೆ ಇಷ್ಟವಾಗುವುದು ಇನ್ನೊಂದು ಕಾರಣಕ್ಕೆ. ಕಮಾಂಡ್ ಲೈನ್‌ನಲ್ಲಿ ಓಡುವ ಯಾವ ಉಪಕರಣವನ್ನೂ ಅದರ ಮೂಲಕ ಕರೆಯಬಹುದು. ಪೈಥಾನ್ ಕೋಡ್ ಪರೀಕ್ಷಿಸಲು ರಫ್ ಇದೆ. ಶೆಲ್ ಸ್ಕ್ರಿಪ್ಟ್ ಪರೀಕ್ಷಿಸಲು ಶೆಲ್‌ಚೆಕ್ ಇದೆ, ಅದು ವಿಂಡೋಸ್‌ಗೂ ಸಿಗುತ್ತದೆ. ಇಂಥವನ್ನು ಲಿಂಟರ್ ಎನ್ನುತ್ತಾರೆ. ಅಕ್ಕಿಯಲ್ಲಿ ಕಲ್ಲು ಆರಿಸುವ ಕೆಲಸ. ಅನ್ನ ಬೇಯಿಸುವ ಮೊದಲೇ ಆರಿಸುತ್ತವೆ.

ಶೆಲ್‌ಚೆಕ್ ಬಗ್ಗೆ ನನಗೆ ಸ್ವಲ್ಪ ಭಯಭಕ್ತಿ ಜಾಸ್ತಿ. ಹಿಂದೆ ಒಂದು ಕಚೇರಿಗೆ ನಾನು ಬರೆದುಕೊಟ್ಟ ಸ್ಕ್ರಿಪ್ಟ್ ಇದಕ್ಕೆ ಕಾರಣ. ರಾತ್ರಿ ಹೊತ್ತು ‘ಹಳೆ ಪಟ್ಟಿ’ ಎಂಬ ಫೋಲ್ಡರನ್ನು ಅಳಿಸಬೇಕಿತ್ತು. ಫೋಲ್ಡರಿನ ಹೆಸರನ್ನು ಒಂದು ವೇರಿಯಬಲ್‌ನಲ್ಲಿ ಇಟ್ಟಿದ್ದೆ. ಅಳಿಸುವ ಸಾಲಿನಲ್ಲಿ ಆ ವೇರಿಯಬಲ್‌ಗೆ ಉದ್ಧರಣ ಚಿಹ್ನೆ ಹಾಕುವುದನ್ನು ಮರೆತಿದ್ದೆ. ಹೆಸರಿನ ನಡುವೆ ಸ್ಪೇಸ್ ಇದೆಯಲ್ಲ? ಶೆಲ್ ಅದನ್ನು ‘ಹಳೆ’ ಮತ್ತು ‘ಪಟ್ಟಿ’ ಎಂದು ಎರಡು ಹೆಸರಾಗಿ ಒಡೆಯಿತು. ‘ಹಳೆ’ ಎಂಬುದು ಇರಲಿಲ್ಲ, ಅದಕ್ಕೆ ಸುಮ್ಮನಾಯಿತು. ‘ಪಟ್ಟಿ’ ಇತ್ತು. ಆ ತಿಂಗಳು ನಡೆಯುತ್ತಿದ್ದ ಪಟ್ಟಿ ಅದು. ಬೆಳಿಗ್ಗೆ ಹೊತ್ತಿಗೆ ಅದಿಲ್ಲ, ‘ಹಳೆ ಪಟ್ಟಿ’ ಮಾತ್ರ ಹಾಗೇ ಕೂತಿದೆ. ಪೆನ್ ಡ್ರೈವ್‌ನಲ್ಲಿ ಒಂಬತ್ತು ದಿನ ಹಿಂದಿನ ಪ್ರತಿ ಸಿಕ್ಕಿತು. ಒಂಬತ್ತು ದಿನದ ಲೆಕ್ಕವನ್ನು ಇಬ್ಬರು ಕೂತು ಮತ್ತೆ ಟೈಪ್ ಮಾಡಿದರು. ನಾನು ಕಾಫಿ ತಂದುಕೊಟ್ಟೆ, ಬೇರೇನು ಮಾಡಲಿ? ಆ ಸಾಲನ್ನು ಇವತ್ತು ಶೆಲ್‌ಚೆಕ್‌ಗೆ ಕೊಟ್ಟರೆ ‘ಎಸ್‌ಸಿ 2086, ಉದ್ಧರಣ ಚಿಹ್ನೆ ಹಾಕಿ’ ಎಂದು ಕ್ಷಣದಲ್ಲಿ ಹೇಳುತ್ತದೆ.

ಬಹುಪಾಲು ಪ್ಲಗಿನ್‌ಗಳು ಬರೀ ಕಿಟಕಿ. ಒಳಗೆ ದುಡಿಯುವುದು ರಫ್, ಶೆಲ್‌ಚೆಕ್‌ನಂಥ ಬೇರೆ ಉಪಕರಣ. ಗಿಟ್‌ಹಬ್‌ನ ಆಟಮ್ ಎಡಿಟರ್ ನೆನಪಿದೆಯೇ? 2014ರಲ್ಲಿ ಭಾರಿ ಸದ್ದು ಮಾಡಿತ್ತು, ಸಾವಿರಾರು ಪ್ಲಗಿನ್ ಇದ್ದವು. 2022ರ ಡಿಸೆಂಬರ್ 15ಕ್ಕೆ ಅದನ್ನು ನಿಲ್ಲಿಸಿದರು. ಪ್ಲಗಿನ್‌ನ ಗುಂಡಿಗಳನ್ನಷ್ಟೇ ಕಲಿತವರು ಮತ್ತೆ ಮೊದಲಿಂದ ಶುರುಮಾಡಬೇಕಾಯಿತು. ಒಳಗಿನ ಉಪಕರಣ ಕಲಿತವರು ಬೇರೆ ಎಡಿಟರ್‌ನಲ್ಲಿ ಅದನ್ನೇ ಕರೆದುಕೊಂಡರು. 2016ರಲ್ಲಿ ಬಂದ ಲ್ಯಾಂಗ್ವೇಜ್ ಸರ್ವರ್ ಪ್ರೊಟೊಕಾಲ್ ಹಿಂದಿರುವುದೂ ಇದೇ ಲೆಕ್ಕ. ಮೊದಲು ಪ್ರತಿ ಪ್ರೋಗ್ರಾಮಿಂಗ್ ಭಾಷೆಗೂ ಪ್ರತಿ ಎಡಿಟರ್‌ಗೂ ಬೇರೆ ಬೇರೆ ಪ್ಲಗಿನ್ ಬರೆಯಬೇಕಿತ್ತು. ಈಗ ಒಂದು ಭಾಷೆಗೆ ಒಂದು ಸರ್ವರ್ ಬರೆದರೆ ವಿಎಸ್ ಕೋಡ್, ವಿಮ್, ಈಮ್ಯಾಕ್ಸ್ ಎಲ್ಲವೂ ಅದರ ಜೊತೆ ಮಾತಾಡಬಹುದು.

ಹಾಗಾದರೆ ವಿಎಸ್ ಕೋಡ್ ಬೇಡವೇ? ನಿಮ್ಮ ಗೆಳೆಯ ಹೇಳಿದ್ದು ಸುಳ್ಳಲ್ಲ. ಸ್ಕ್ರಿಪ್ಟ್ ಒಂದು ಫೈಲ್ ದಾಟಿ ಐದಾರು ಫೈಲಾದಾಗ, ನಡುವೆ ನಿಲ್ಲಿಸಿ ಒಂದೊಂದೇ ಸಾಲು ಓಡಿಸಿ ಯಾವ ವೇರಿಯಬಲ್‌ನಲ್ಲಿ ಏನಿದೆ ಎಂದು ನೋಡಬೇಕಾದಾಗ ಅದರ ಡಿಬಗರ್‌ಗೆ ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಸಾಟಿ ಇಲ್ಲ. ಆದರೆ ಅದು ಎಲೆಕ್ಟ್ರಾನ್ ಮೇಲೆ ಕಟ್ಟಿದ್ದು, ಅಂದರೆ ಒಳಗೊಂದು ಇಡೀ ಬ್ರೌಸರ್ ಇದೆ. ಅದರ ಮೇಲೆ ಒಂದೊಂದು ಭಾಷಾ ಸರ್ವರ್ ಒಂದೊಂದು ಬೇರೆ ಪ್ರೋಗ್ರಾಮ್. 4 ಜಿಬಿಯಲ್ಲಿ ಕ್ರೋಮ್ ಕೂಡ ತೆರೆದಿದ್ದರೆ ಮುಗಿಯಿತು.

ಇಟ್ಟುಕೊಳ್ಳುವುದಾದರೆ ಪೈಥಾನ್, ರಫ್, ಶೆಲ್‌ಚೆಕ್ ಈ ಮೂರು ಸಾಕು. ಉಳಿದವನ್ನು ತೆಗೆಯುವ ಮೊದಲು ಯಾವುದು ಭಾರ ಎಂದು ತಿಳಿಯುವ ಆಸೆ ಇದ್ದರೆ ಕಂಟ್ರೋಲ್-ಶಿಫ್ಟ್-ಪಿ ಒತ್ತಿ ‘ಎಕ್ಸ್‌ಟೆನ್ಶನ್ ಬೈಸೆಕ್ಟ್’ ಹುಡುಕಿ. ಅರ್ಧ ಪ್ಲಗಿನ್‌ಗಳನ್ನು ನಿಲ್ಲಿಸಿ ‘ಈಗ ಸರಿಯಿದೆಯೇ’ ಎಂದು ಕೇಳುತ್ತದೆ, ಆಮೇಲೆ ಅದರಲ್ಲರ್ಧ. 23ರಲ್ಲಿ ಒಬ್ಬನೇ ತಪ್ಪಿತಸ್ಥನಾದರೆ ಐದು ಸುತ್ತಿನೊಳಗೆ ಸಿಕ್ಕಿಬೀಳುತ್ತಾನೆ.

ಪ್ಲಗಿನ್‌ಗೆ ನಿಮ್ಮ ಕಂಪ್ಯೂಟರಿನಲ್ಲಿ ನಿಮಗಿರುವಷ್ಟೇ ಅಧಿಕಾರ ಇರುತ್ತದೆ ಎಂಬುದೂ ನೆನಪಿರಲಿ. ಅದು ಬಣ್ಣ ಬದಲಿಸುವ ಪ್ಲಗಿನ್ ಆದರೂ ಸರಿ, ಬೇಕೆಂದರೆ ನಿಮ್ಮ ಫೈಲ್‌ಗಳನ್ನು ಓದಬಲ್ಲದು. ಪ್ರಸಿದ್ಧ ಪ್ಲಗಿನ್‌ನ ಹೆಸರನ್ನೇ ಹೋಲುವ ನಕಲಿಗಳೂ ಬರುತ್ತವೆ, ಪ್ರಕಟಿಸಿದವರು ಯಾರು ಎಂದು ನೋಡಿ ಹಾಕಿ. ಕೋಡ್ ಬರೆದುಕೊಡುವ ಎಐ ಪ್ಲಗಿನ್‌ಗಳಲ್ಲಿ ಹಲವು, ತೆರೆದಿರುವ ಫೈಲಿನ ಭಾಗಗಳನ್ನು ಹೊರಗಿನ ಸರ್ವರ್‌ಗೆ ಕಳಿಸುತ್ತವೆ. ನಿಮ್ಮ ಪಟ್ಟಿಯಲ್ಲಿ ರೈತರ ಹೆಸರು, ಬ್ಯಾಂಕ್ ಖಾತೆ ಎಲ್ಲ ಇರುತ್ತದಲ್ಲ? ಅದನ್ನು ತೆರೆದಿಟ್ಟು ಇವನ್ನು ಬಳಸಬೇಡಿ. ಕಾರ್ಯದರ್ಶಿಗಳನ್ನು ಕೇಳದೆ ಅಂತೂ ಬೇಡ.

ಈ ವಾರ ನೀವು ಮಾಡಬೇಕಾದದ್ದು ಇಷ್ಟು. ವಿಎಸ್ ಕೋಡ್ ತೆಗೆಯಬೇಡಿ, ಮುಚ್ಚಿಡಿ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ಗೆ ಮರಳಿ ಬ್ಯಾಕಪ್ ಸ್ಕ್ರಿಪ್ಟಿನ ಸಾಲಿನ ಕೊನೆಗಳನ್ನು ಯುನಿಕ್ಸ್ ಮಾಡಿ, ಬಾಮ್ ಇದೆಯೇ ನೋಡಿ, ಶೆಲ್‌ಚೆಕ್‌ಗೆ ಕೊಡಿ. ಹೆಸರು ಸರಿಮಾಡುವ ಸ್ಕ್ರಿಪ್ಟನ್ನು ಹಳೆಯ ಒಂದು ತಿಂಗಳ ಪಟ್ಟಿಯ ನಕಲಿನ ಮೇಲೆ ಮೊದಲು ಓಡಿಸಿ, ಮೂಲದ ಜೊತೆ ಕಂಪೇರ್‌ಪ್ಲಸ್‌ನಲ್ಲಿ ಹೋಲಿಸಿ. ಕಣ್ಣಿಗೆ ವ್ಯತ್ಯಾಸ ಕಾಣದ ಸಾಲುಗಳಿಗೂ ಅದು ಬಣ್ಣ ಹಚ್ಚಿದರೆ ಗಾಬರಿಯಾಗಬೇಡಿ, ಬಾಲ ಕತ್ತರಿಸಿಕೊಂಡ ಮಂಜುನಾಥ್‌ಗಳು ಅವರು. ಬ್ಯಾಕಪ್ ಸ್ಕ್ರಿಪ್ಟಿನಲ್ಲಿ ಏನನ್ನಾದರೂ ಅಳಿಸುವ ಸಾಲು ಇದ್ದರೆ, ಅಳಿಸುವ ಆಜ್ಞೆಯ ಮೊದಲಿಗೇ ‘ಎಕೋ’ ಎಂದು ಸೇರಿಸಿ ಒಂದು ಸಲ ಓಡಿಸಿ. ಏನನ್ನು ಅಳಿಸಲು ಹೊರಟಿದೆ ಎಂದು ತೆರೆಯ ಮೇಲೆ ಬರೆದು ತೋರಿಸುತ್ತದೆ, ಅಳಿಸುವುದಿಲ್ಲ. ಉದ್ಧರಣ ಚಿಹ್ನೆ ಇದೆಯೇ ಎಂದು ನೋಡುವುದಂತೂ ಇದ್ದೇ ಇದೆ. ಆಮೇಲೆ ‘ಎಕೋ’ ತೆಗೆಯಿರಿ.